ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಅರ್ಧ ದಿನದಲ್ಲಿ ನಡೆದು ನೋಡಿ ಬರುವಂಥ ಹಿಮನದಿ ಇದೆಯಾ?

ನೀವು ವಿಜಯಪುರದವರು, ಜೊತೆಗೆ ಇಬ್ಬರು ಸಣ್ಣ ಮಕ್ಕಳು, ಅತ್ತೆ-ಮಾವ ಇರುತ್ತಾರೆ ಅಂತ ಬರೆದಿದ್ದೀರಿ. ಹಾಗಿದ್ರೆ ನಾನು ಹೇಳೋದು ಕಾಶ್ಮೀರದ ಸೋನಮರ್ಗ್ ಪಕ್ಕದ ಥಾಜಿವಾಸ್. ನಾವು ಬೆಳಗಾವಿಯಿಂದ ಜೂನ್ ಮೊದಲ ವಾರ ಹೋಗಿದ್ದೆವು, ಏಳು ವರ್ಷದ ಮಗಳು, ಮಂಡಿನೋವಿನ ಅವ್ವ, ನಾವಿಬ್ಬರು.

ಶ್ರೀನಗರದಿಂದ ಸೋನಮರ್ಗ್ ಸುಮಾರು 80 ಕಿಲೋಮೀಟರ್. ಅಲ್ಲಿಂದ ಹಿಮದ ಬುಡಕ್ಕೆ 3 ಕಿಲೋಮೀಟರ್ ಆಸುಪಾಸು, ಹುಲ್ಲುಗಾವಲು, ಪೈನ್ ಮರ, ಪಕ್ಕದಲ್ಲೇ ಹಳ್ಳ. ಮಗಳು ಪೂರ್ತಿ ನಡೆದಳು. ಅವ್ವ ಕುದುರೆ ಏರಿದಳು. ಕುದುರೆಯವರ ಹತ್ತಿರ ಎಲ್ಲಿವರೆಗೆ, ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಹೊರಟು ಒಂದು ಗಂಟೆಗೆ ವಾಪಸ್ ಬಂದೆವು, ಮಧ್ಯೆ ಕೂತು ತಿಂದಿದ್ದೂ ಸೇರಿ. ಗೋಕಾಕ್ ಕರದಂಟು ಒಯ್ದಿದ್ದೆವು, ಆ ಚಳಿಯಲ್ಲಿ ಮಕ್ಕಳಿಗೆ ಅದಕ್ಕಿಂತ ಒಳ್ಳೆ ತಿನಿಸಿಲ್ಲ.

ಒಂದು ಮಾತು ಮಕ್ಕಳಿಗೆ ಮೊದಲೇ ಹೇಳಿ. ಫೋಟೋದಲ್ಲಿ ಕಂಡಷ್ಟು ಬೆಳ್ಳಗೆ ಇರೋದಿಲ್ಲ. ಮೇಲೆಲ್ಲ ಮಣ್ಣು, ಪುಡಿಗಲ್ಲು, ಒಣ ಎಲೆ. "ಪಪ್ಪಾ, ಇದು ಹೊಲಸಾಗೇತಿ" ಅಂತ ಮಗಳು ಮುಖ ಸಣ್ಣ ಮಾಡಿದಳು. ಬೂಟಿನ ಹಿಮ್ಮಡಿಯಿಂದ ನಾಲ್ಕು ಬೆರಳಿನಷ್ಟು ಕೆದರಿದೆ, ಒಳಗೆ ಕಲ್ಲುಪ್ಪಿನ ಹಾಗೆ ಹರಳು ಹರಳು. ಅಂಗೈಯಲ್ಲಿ ಹಿಡಿದುಕೊಂಡು ಅದು ನೀರಾಗುವ ತನಕ ನೋಡುತ್ತ ನಿಂತಳು. ನಾವು ಕೆಳಗೆ ಮುಟ್ಟೋದು ಹೆಚ್ಚಾಗಿ ಚಳಿಗಾಲದಲ್ಲಿ ಬಿದ್ದು ಉಳಿದ ಹಿಮ. ಮೇಲೆ ಬಂಡೆಗಳ ಸಂದಿಯಲ್ಲಿ ಕಾಣುತ್ತದಲ್ಲ, ಅದು ನಿಜವಾದ ಹಿಮನದಿ. ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು, ಒತ್ತಿ ಗಟ್ಟಿ ಮಂಜುಗಡ್ಡೆಯಾಗಿ, ತನ್ನ ಭಾರಕ್ಕೇ ನಿಧಾನವಾಗಿ ಕೆಳಗೆ ಜಾರುತ್ತದೆ. ಅದಕ್ಕೇ ನದಿ ಅನ್ನೋದು.

ದಯವಿಟ್ಟು ಇದೊಂದು ನೆನಪಿಟ್ಟುಕೊಳ್ಳಿ: ಹಳ್ಳದ ಮೇಲೆ ಹಾಸಿಕೊಂಡಿರುವ ಹಿಮದ ಮೇಲೆ ಮಕ್ಕಳನ್ನು ಬಿಡಬೇಡಿ. ಕೆಳಗೆ ನೀರು ಹರಿದು ಹರಿದು ಟೊಳ್ಳಾಗಿರುತ್ತದೆ. ಮೇಲಿಂದ ಏನೂ ಗೊತ್ತಾಗೋದಿಲ್ಲ, ಕಿವಿಗೊಟ್ಟರೆ ಒಳಗೆ ನೀರಿನ ಸದ್ದು ಕೇಳುತ್ತದೆ. ಅಂಚಿನಲ್ಲೇ ಆಡಲಿ, ಸಾಕು.

ಸೋನಮರ್ಗ್ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಳಗಾವಿ 750ರ ಸುತ್ತ, ನಿಮ್ಮೂರು ಇನ್ನೂ ಕೆಳಗೆ. ಹಾಗಾಗಿ ಶ್ರೀನಗರದಲ್ಲಿ ಒಂದು ರಾತ್ರಿಯಾದರೂ ಉಳಿದು ಹೋಗಿ, ಅವಸರ ಬೇಡ. ನಾವು ಹೋಗೋ ಮುಂಚೆ ಮೂರು ಭಾನುವಾರ ಮಗಳನ್ನು ಯಳ್ಳೂರಿನ ರಾಜಹಂಸಗಡ ಹತ್ತಿಸಿದ್ದೆವು, ತುಂಬಾ ಅನುಕೂಲ ಆಯಿತು. ಮೇ ಕೊನೆ, ಜೂನ್ ಒಳ್ಳೆ ಸಮಯ, ಆಮೇಲೆ ಕೆಳಗಿನ ಹಿಮ ಕರಗುತ್ತ ಹೋಗುತ್ತದೆ. ಬೂಟು, ಕೋಟು ಅಲ್ಲೇ ಬಾಡಿಗೆಗೆ ಸಿಗುತ್ತವೆ.

2025ರ ಪಹಲ್ಗಾಮ್ ದಾಳಿಯ ನಂತರ ಕಾಶ್ಮೀರದ ಎಷ್ಟೋ ಜಾಗಗಳನ್ನು ಮುಚ್ಚಿದ್ದರು. ಟಿಕೆಟ್ ಮಾಡಿಸುವ ಮುಂಚೆ ಉಳಿಯುವ ಹೋಟೆಲಿಗೆ ಫೋನ್ ಮಾಡಿ, ಥಾಜಿವಾಸ್‌ಗೆ ಬಿಡುತ್ತಿದ್ದಾರಾ ಅಂತ ಕೇಳಿಕೊಳ್ಳಿ. ಮತ್ತೆ, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ, ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೋಗಿ.