ಪ್ರಾಣಿಲೋಕ ಪ್ರಶ್ನೋತ್ತರ: ಮೂರು ಹೃದಯದ ತಾಯಿ

ಪ್ರಶ್ನೆ: ಸರ್, ಆಕ್ಟೋಪಸ್‌ಗೆ ಮೂರು ಹೃದಯ ಇರ್ತಾವಂತ, ರಕ್ತಾನೂ ನೀಲಿ ಅಂತ. ಖರೇನಾ? ಮೂರು ಯಾಕ ಬೇಕು?
– 9ನೇ ತರಗತಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಖರೇ ಅದ ನೋಡವ್ವಾ. ‘ಯಾಕ’ ಅಂತ ಕೇಳಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ ಇರುವ ಹಿಮೋಗ್ಲೋಬಿನ್. ಆಕ್ಟೋಪಸ್‌ನಲ್ಲಿ ಆ ಕೆಲಸ ತಾಮ್ರ ಇರುವ ಹಿಮೋಸಯನಿನ್‌ನದು; ಆಮ್ಲಜನಕ ಸೇರಿದ ಕೂಡಲೇ ಅದು ನೀಲಿಯಾಗುತ್ತದೆ. ಈ ರಕ್ತ ಮಂದ, ಹೊರುವ ಆಮ್ಲಜನಕವೂ ಕಡಿಮೆ. ಹಾಗಾಗಿ ಎರಡು ಹೃದಯಗಳು ಎರಡು ಕಿವಿರುಗಳಿಗೆ ರಕ್ತ ನೂಕುತ್ತವೆ, ಮೂರನೆಯದು ಮೈಗೆಲ್ಲ ಹಂಚುತ್ತದೆ. ಈಜುವಾಗ ಈ ಮೂರನೆಯದು ನಿಂತುಬಿಡುತ್ತದೆ. ಅದಕ್ಕೇ ಈಜಿದರೆ ಬೇಗ ದಣಿವು. ತೆವಳುವುದೇ ಅದಕ್ಕೆ ಹಿತ.

ನೀನು ಕೇಳದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಬಳಿ, ಸುಮಾರು 1,400 ಮೀಟರ್ ಆಳದಲ್ಲಿ, 2007ರಲ್ಲಿ ವಿಜ್ಞಾನಿಗಳು ಬಂಡೆಗೆ ಅಂಟಿಸಿದ ಮೊಟ್ಟೆಗಳನ್ನು ಕಾಯುತ್ತಿದ್ದ ಒಂದು ಆಕ್ಟೋಪಸ್ ಕಂಡರು. ಮತ್ತೆ ಮತ್ತೆ ಯಂತ್ರನೌಕೆ ಇಳಿಸಿ ನೋಡಿದಾಗಲೂ ಅದೇ ತಾಯಿ, ಅದೇ ಜಾಗ. ಮೈಮೇಲಿನ ಗಾಯದ ಗುರುತಿನಿಂದ ಅವಳೇ ಎಂದು ತಿಳಿಯುತ್ತಿತ್ತು. ಏಡಿಯ ಚೂರು ಮುಂದೆ ಹಿಡಿದರೂ ಮುಟ್ಟಲಿಲ್ಲ. ಬಣ್ಣ ಮಾಸಿತು, ಕಣ್ಣು ಮಂಜಾದವು, ಚರ್ಮ ಜೋಲಿತು. 2011ರಲ್ಲಿ ಕೊನೆಗೊಮ್ಮೆ ಹೋದಾಗ ಅವಳಿರಲಿಲ್ಲ. ಒಡೆದ ಮೊಟ್ಟೆಗಳ ಸಿಪ್ಪೆ ಮಾತ್ರ ಬಂಡೆಯ ಮೇಲಿತ್ತು. ಒಟ್ಟು 53 ತಿಂಗಳ ಕಾವಲು! ಬೇರೆ ಯಾವ ಪ್ರಾಣಿಯೂ ಇಷ್ಟು ದೀರ್ಘಕಾಲ ಮೊಟ್ಟೆ ಕಾದ ದಾಖಲೆಯಿಲ್ಲ. ಅಲ್ಲಿಯ ನೀರು ಸುಮಾರು 3 ಡಿಗ್ರಿಯಷ್ಟು ತಣ್ಣಗಿರುವುದರಿಂದ ಮರಿಗಳ ಬೆಳವಣಿಗೆ ಬಲು ನಿಧಾನ. ಕಾರಣ ಗೊತ್ತಿದ್ದರೂ ಆ ತಾಯಿಯನ್ನು ನೆನೆದರೆ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ.

ಪ್ರಶ್ನೆ: ಕಡಲಕುದುರೆಯಲ್ಲಿ ಗಂಡೇ ಹೆರುತ್ತದೆಯೇ?
– ಓದುಗರು, ಹುಮನಾಬಾದ್

ಉತ್ತರ: ಹೌದು. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ಹಾಕುತ್ತದೆ. ಅಲ್ಲಿ ಅವಕ್ಕೆ ಆಮ್ಲಜನಕ ಒದಗಿಸಿ, ಮರಿ ಮಾಡಿ ಹೊರಬಿಡುವವನು ತಂದೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ ಫಾರ್ಮಲಿನ್ ಬಾಟಲಿಯೊಳಗೆ ಒಂದಿತ್ತು. ಅದು ಮೀನು ಎಂದರೆ ಹುಡುಗರು ನಂಬುತ್ತಿರಲಿಲ್ಲ. ಒಣಗಿಸಿದ ಕಡಲಕುದುರೆಯನ್ನು ಔಷಧಿ ಎಂದೋ ಅಲಂಕಾರಕ್ಕೆಂದೋ ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. 2001ರಿಂದ ಅದಕ್ಕೆ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಪ್ರಶ್ನೆ: ಸಮುದ್ರ ನಮಗೆ ಬಲು ದೂರ. ಇಂಥ ಜೀವಿಗಳನ್ನು ನಮ್ಮ ಕಡೆಯವರು ಟಿವಿಯಲ್ಲಷ್ಟೇ ನೋಡಬೇಕೇನ್ರಿ?
– ಓದುಗರು, ಸುರಪುರ

ಉತ್ತರ: ಸಮುದ್ರ ನಮ್ಮಲ್ಲಿಗೂ ಬಂದು ಹೋಗಿದೆ ಅಣ್ಣಾವ್ರೆ. ನಿಮ್ಮ ಪಡಸಾಲೆಯಲ್ಲಿ ಶಹಾಬಾದಿ ಫರಸಿ ಹಾಸಿದ್ದರೆ ನೀವು ದಿನಾ ತುಳಿಯುವುದು ಕಡಲ ತಳದ ಕೆಸರು ಪದರಪದರವಾಗಿ ಕಲ್ಲಾದದ್ದನ್ನೇ. ಅದರಲ್ಲಿ ಮೀನಿನ, ಶಂಖದ ಗುರುತು ಮಾತ್ರ ಹುಡುಕಬೇಡಿ. ಅವೆಲ್ಲ ಹುಟ್ಟುವ ಮೊದಲೇ ಆ ಕಲ್ಲು ಕೂತಿತ್ತು.

ಇನ್ನು ಜೀವಂತ ಬೆರಗು ಬೇಕೆಂದರೆ ನಿಮ್ಮ ಕೃಷ್ಣೆಯನ್ನೇ ಕೇಳಬೇಕು. ಮೇಲ್ಗಡೆ ಸತಾರಾ ಜಿಲ್ಲೆಯಲ್ಲಿ ಅದರ ಉಪನದಿಗಳಲ್ಲಿ ಸಿಹಿನೀರಿನ ಜೆಲ್ಲಿ ಮೀನು ಸಿಕ್ಕಿದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಪ್ರಾಣಿವಿಜ್ಞಾನಿ ನೆಲ್ಸನ್ ಅನ್ನಂಡೇಲ್ ಅದನ್ನು ವರ್ಣಿಸಿ, ಲಿಮ್ನೋಕ್ನೈಡಾ ಇಂಡಿಕಾ ಎಂದು ಹೆಸರಿಟ್ಟರು. ನಾಣ್ಯದಗಲದ ಪಾರದರ್ಶಕ ಕೊಡೆ, ಅಂಚಿಗೆ ಎಳೆಗಳು. ಬೇಸಿಗೆಯಲ್ಲಿ ಹರಿವು ಕಡಿಮೆಯಾದ ಮಡುಗಳಲ್ಲಿ ಕಣ್ಣಿಟ್ಟು ನೋಡಿ. ಅಂಥದ್ದು ಕಂಡರೆ ಹಿಡಿಯಬೇಡಿ. ಫೋಟೊ ತೆಗೆದು, ಜಾಗ ಮತ್ತು ತಾರೀಖು ಬರೆದು ಈ ಅಂಕಣಕ್ಕೆ ಕಳಿಸಿ.