ಆಷಾಢದಲ್ಲಿ ತೆಳುವಾಗುವ ನೆಗೆಟಿವ್

ಪ್ರಶ್ನೆ: ತೀರ್ಥಹಳ್ಳಿ ಸಮೀಪ ನಮ್ಮ ಮನೆ. ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯುತ್ತೇನೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣವಾದ ಡಿ-76 ಡೆವಲಪರನ್ನು ಪುಡಿಗಳನ್ನು ತೂಗಿ ನಾನೇ ಬೆರೆಸುತ್ತೇನೆ. ಬೇಸಿಗೆಯಲ್ಲಿ ದಟ್ಟ ಕಪ್ಪಾಗಿ ಬರುತ್ತಿದ್ದ ನೆಗೆಟಿವ್‌ಗಳು ಆಷಾಢದಿಂದ ತೆಳುವಾಗುತ್ತಿವೆ, ಅಂದರೆ ಕಪ್ಪು ಕಡಿಮೆಯಾಗಿದೆ. ದ್ರಾವಣ ಚಹಾದ ಬಣ್ಣಕ್ಕೆ ತಿರುಗಿದೆ. ಡೆವಲಪರಿನಲ್ಲಿ ಇಡುವ ಸಮಯ ಹೆಚ್ಚಿಸಲೇ?

ಉತ್ತರ: ದಯವಿಟ್ಟು ಬೇಡ. ಸತ್ತ ಡೆವಲಪರಿನಲ್ಲಿ ಎಷ್ಟು ಹೊತ್ತು ಇಟ್ಟರೂ ನೆರಳಿನ ಭಾಗದ ವಿವರ ಬಾರದು, ಮಬ್ಬು ಮಾತ್ರ ಏರುತ್ತದೆ. ಆ ದ್ರಾವಣವನ್ನು ಬಿಟ್ಟು, ಮೊದಲು ಸೋಡಿಯಂ ಸಲ್ಫೈಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಪುಡಿ ಗಂಟುಕಟ್ಟಿದ್ದರೆ ನನ್ನ ಅನುಮಾನ ಅದರ ಮೇಲೆಯೇ.

ಡಿ-76ರ ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2. ಬೆಳಕು ಕಂಡ ಹರಳುಗಳನ್ನು ಬೆಳ್ಳಿಯಾಗಿಸುವವು ಮೆಟಾಲ್ ಮತ್ತು ಹೈಡ್ರೋಕ್ವಿನೋನ್. ಗಾಳಿಯ ಆಮ್ಲಜನಕ ಅವನ್ನು ಕೆಡಿಸದಂತೆ ಕಾಯುವುದು ಸಲ್ಫೈಟ್. ಮಲೆನಾಡಿನ ತೇವದಲ್ಲಿ, ಸಡಿಲ ಮುಚ್ಚಳದ ಡಬ್ಬಿಯೊಳಗೆ ಅದು ನಿಧಾನವಾಗಿ ಸಲ್ಫೇಟ್ ಆಗುತ್ತದೆ. ತಕ್ಕಡಿ 100 ಗ್ರಾಂ ತೋರಿಸಿದರೂ ಕಾವಲಿಗೆ ಉಳಿದದ್ದು ಅದಕ್ಕಿಂತ ಕಡಿಮೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದರೆ ಗಂಟು ಬಿಟ್ಟೀತು, ಹಾಳಾದ ಸಲ್ಫೈಟ್ ಮರಳಿ ಬಾರದು. ಹೊಸದನ್ನೇ ತನ್ನಿ, ಚಿಕ್ಕ ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿಡಿ.

ಬೆರೆಸುವಾಗ ಕುದಿಸಿದ ನೀರನ್ನು ಸುಮಾರು 50 ಡಿಗ್ರಿಗೆ ಆರಿಸಿ, ಮುಕ್ಕಾಲು ಲೀಟರ್ ತೆಗೆದುಕೊಳ್ಳಿ. ಕುದಿಸಿದರೆ ನೀರಿನಲ್ಲಿ ಕರಗಿದ ಆಮ್ಲಜನಕ ಬಹುಪಾಲು ಹೊರಹೋಗುತ್ತದೆ. ಒಂದು ಚಿಟಿಕೆ ಸಲ್ಫೈಟ್, ನಂತರ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆಯೇ ಉಳಿದ ಸಲ್ಫೈಟ್, ಏಕೆಂದರೆ ಸಲ್ಫೈಟ್ ಹೆಚ್ಚಿರುವ ನೀರಿನಲ್ಲಿ ಮೆಟಾಲ್ ಕರಗಲು ಒಪ್ಪುವುದಿಲ್ಲ. ಹೈಡ್ರೋಕ್ವಿನೋನ್, ಬೋರಾಕ್ಸ್ ಆಮೇಲೆ. ಕೊನೆಗೆ ತಣ್ಣೀರಿನಿಂದ ಒಂದು ಲೀಟರ್ ಮಾಡಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಕೈಗವಸು ಹಾಕಿಕೊಳ್ಳಿ. ದ್ರಾವಣವನ್ನು ಕಾಲು ಲೀಟರಿನ ಬಾಟಲಿಗಳಿಗೆ ಕಂಠದವರೆಗೆ ತುಂಬಿ. ಅರ್ಧ ಖಾಲಿ ಬಾಟಲಿಯಲ್ಲಿರುವ ಗಾಳಿಯೇ ಸಾಕು ಅದನ್ನು ಕಂದಿಸಲು.

ಉಷ್ಣತೆಯನ್ನೂ ಅಳೆಯಿರಿ. ಫಿಲ್ಮ್ ತಯಾರಕರು ಕೊಡುವ ಸಮಯ ಸಾಮಾನ್ಯವಾಗಿ 20 ಡಿಗ್ರಿಗೆ. ಪುಷ್ಯದ ಬೆಳಗಿನ ಹಂಡೆಯ ನೀರು ಅದಕ್ಕಿಂತ ತಣ್ಣಗಿದ್ದರೆ ಹೈಡ್ರೋಕ್ವಿನೋನ್ ಬೇಗ ಮಂಕಾಗುತ್ತದೆ. ಚಳಿಗಾಲಕ್ಕೆ ಹೈಡ್ರೋಕ್ವಿನೋನ್ ಇಲ್ಲದ ಡಿ-23 ಡೆವಲಪರ್ ನನಗೆ ಹೆಚ್ಚು ಇಷ್ಟ: ಲೀಟರಿಗೆ ಮೆಟಾಲ್ 7.5 ಗ್ರಾಂ, ಸಲ್ಫೈಟ್ 100 ಗ್ರಾಂ, ಅಷ್ಟೇ. ಆದರೆ ಅದರ ಸಮಯವೇ ಬೇರೆ, ಡಿ-76ರ ಪಟ್ಟಿ ನೋಡಬೇಡಿ.

ಇನ್ನು ಮುಂದೆ ರೋಲ್ ತೊಳೆಯುವ ಮುನ್ನ, ಬೆಳಕು ಕಂಡ ಫಿಲ್ಮಿನ ತುದಿಯಿಂದ ಒಂದು ಚೂರು ಕತ್ತರಿಸಿ, ಹಗಲು ಬೆಳಕಿನಲ್ಲೇ ಡೆವಲಪರಿಗೆ ಹಾಕಿ. ನಿಗದಿತ ಸಮಯದೊಳಗೆ ಅದು ದಟ್ಟ ಕಪ್ಪಾಗದಿದ್ದರೆ ಆ ಬಾಟಲಿಯನ್ನು ಬಳಸಬೇಡಿ.