ಡಿಸ್ಟಾರ್ಷನ್ ಪೆಡಲ್ ಒತ್ತಿದ ಕೂಡಲೇ ಗುಂಯ್ ಅನ್ನುತ್ತದೆ, ನಾಯ್ಸ್ ಗೇಟ್ ತಗೊಳ್ಳಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ರೂಮು. ಸ್ಟ್ರಾಟ್ ಥರದ ಗಿಟಾರು, ಎರಡು ಡಿಸ್ಟಾರ್ಷನ್ ಪೆಡಲ್, ಎರಡಕ್ಕೂ ಸೇರಿ ಒಂದೇ ಅಡಾಪ್ಟರ್, ಒಂದು ಸಣ್ಣ ಆಂಪ್. ಟ್ರ್ಯಾಕ್ ಹಾಕಿಕೊಂಡು ನುಡಿಸಲು ಲ್ಯಾಪ್‌ಟಾಪನ್ನೂ ಆಂಪಿಗೆ ಜೋಡಿಸಿದ್ದೀರಿ. ಪೆಡಲ್ ಒತ್ತಿದರೆ ಗುಂಯ್, ತಂತಿ ಮುಟ್ಟಿದರೆ ಸ್ವಲ್ಪ ಕಡಿಮೆ, ಸಂಜೆ ಹೊತ್ತು ಜಾಸ್ತಿ. ಪೆಡಲ್ ಕೆಟ್ಟಿದೆಯಾ, ನುಡಿಸದಾಗ ಸದ್ದು ಮುಚ್ಚುವ ನಾಯ್ಸ್ ಗೇಟ್ ತಗೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ದುಡ್ಡು ಹಾಕಬೇಡಿ. ನಾನು ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ, ಉಳಿದ ಹೊತ್ತಿನಲ್ಲಿ ಪೆಡಲ್, ಕೇಬಲ್, ಆಂಪ್ ರಿಪೇರಿ ಮಾಡುತ್ತೇನೆ. "ಅಣ್ಣಾರ, ಪೆಡಲ್ ಕೆಟ್ಟೈತಿ ನೋಡ್ರಿ, ಬರೇ ಗುಂಯ್ ಅಂತೈತಿ" ಅಂತ ಹುಡುಗರು ತಂದುಕೊಡುವ ಪೆಡಲ್‌ಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇರುತ್ತವೆ. ಸದ್ದು ಬೇರೆ ಎಲ್ಲಿಂದಲೋ ಒಳಗೆ ನುಗ್ಗಿರುತ್ತದೆ. ಪೆಡಲ್ ಅದನ್ನು ದೊಡ್ಡದು ಮಾಡುತ್ತದೆ, ಅಷ್ಟೇ.

ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡಿ. ಗಿಟಾರಿನಿಂದ 100 ಮಿಲಿವೋಲ್ಟ್ ಸಿಗ್ನಲ್ ಬರುತ್ತಿದೆ, ಅದರ ಜೊತೆ ಅರ್ಧ ಮಿಲಿವೋಲ್ಟ್ ಹಮ್, ಅಂದರೆ ಆ ಗುಂಯ್ ಸದ್ದು, ಸೇರಿದೆ ಅಂದುಕೊಳ್ಳಿ. ಇನ್ನೂರರಲ್ಲಿ ಒಂದು ಪಾಲು. ನುಡಿಸುವಾಗ ಕಿವಿಗೆ ಬೀಳುವುದೇ ಕಷ್ಟ. ಪೆಡಲ್ ಎರಡನ್ನೂ ನೂರು ಪಟ್ಟು ಏರಿಸುತ್ತದೆ. ಹಮ್ 50 ಮಿಲಿವೋಲ್ಟ್ ಆಯಿತು. ಗಿಟಾರು 10 ವೋಲ್ಟ್ ಆಗಬೇಕಿತ್ತು, ಆದರೆ ಒಳಗಿರುವ ಸಿಲಿಕಾನ್ ಡಯೋಡ್‌ಗಳು ಅದನ್ನು 0.65 ವೋಲ್ಟ್ ಆಸುಪಾಸಿನಲ್ಲೇ ಕತ್ತರಿಸಿಬಿಡುತ್ತವೆ. ಹಾಗೆ ಕತ್ತರಿಸುವುದರಿಂದಲೇ ಡಿಸ್ಟಾರ್ಷನ್ ಸದ್ದು ಹುಟ್ಟುವುದು. ಹಮ್ ಮಾತ್ರ ಸಣ್ಣದಲ್ವಾ, ಅದು ಕತ್ತರಿಗೆ ಸಿಗದೆ ಪೂರ್ತಿ ಬೆಳೆಯುತ್ತದೆ. ಇನ್ನೂರರಲ್ಲಿ ಒಂದಿದ್ದದ್ದು ಈಗ ಹದಿಮೂರರಲ್ಲಿ ಒಂದು. ಎರಡನೇ ಪೆಡಲನ್ನೂ ಒತ್ತಿ ಇನ್ನು ಹತ್ತು ಪಟ್ಟು ಏರಿಸಿದಿರಿ ಅನ್ನಿ. ಹಮ್ ಅರ್ಧ ವೋಲ್ಟ್, ಗಿಟಾರು ಅದೇ 0.65. ಹೆಚ್ಚುಕಡಿಮೆ ಸಮಸಮ. ಆದ್ದರಿಂದ ಎರಡೂ ಪೆಡಲನ್ನು ಫುಲ್ ಗೇನ್‌ನಲ್ಲಿ (ಸಿಗ್ನಲ್ ಏರಿಸುವ ಪ್ರಮಾಣ) ಒಟ್ಟಿಗೆ ಹಾಕುವ ರೂಢಿ ಇದ್ದರೆ ಮೊದಲು ಅದನ್ನು ಬಿಡಿ. ಎರಡನೆಯದರ ಗೇನ್ ಕೆಳಗಿಟ್ಟು ಅದರ ವಾಲ್ಯೂಮ್ ಏರಿಸಿ. ಸದ್ದಿನ ತೂಕ ಹಾಗೇ ಇರುತ್ತದೆ, ಗದ್ದಲ ಇಳಿಯುತ್ತದೆ.

ಇನ್ನು ಹುಡುಕಾಟ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ತಿರುಗಿಸಿ, ಪೆಡಲ್ ಆನ್ ಇರಲಿ. ಸದ್ದು ನಿಂತರೆ ಅದು ಗಿಟಾರಿನ ಕಡೆಯಿಂದ ಬರುತ್ತಿದೆ. ನಿಲ್ಲದಿದ್ದರೆ ಗಿಟಾರನ್ನು ಮರೆತುಬಿಡಿ, ಕೇಬಲ್, ಅಡಾಪ್ಟರ್, ಆಂಪ್, ಲ್ಯಾಪ್‌ಟಾಪ್ ಕಡೆ ನೋಡಿ. ಕಾಸು ಖರ್ಚಿಲ್ಲದ ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

ಆಮೇಲೆ ಸದ್ದಿನ ಶ್ರುತಿ ಕೇಳಿ. ನಮ್ಮ ಕರೆಂಟು 50 ಹರ್ಟ್ಜ್. ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಕಾಯಿಲ್) ಅಥವಾ ಕೇಬಲ್ ಗಾಳಿಯಿಂದ ಎಳೆದುಕೊಳ್ಳುವ ಹಮ್ಮಿನ ಬುಡ ಆ 50. ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್ ಸರಿಯಾಗಿ ಫಿಲ್ಟರ್ ಮಾಡದೆ ಬಿಡುವ ಹಮ್ 100, ಏಕೆಂದರೆ ಡಯೋಡ್‌ಗಳು ಅಲೆಯ ಎರಡೂ ಅರ್ಧಗಳನ್ನು ಒಂದೇ ಕಡೆಗೆ ಮಡಚುತ್ತವೆ. ಆರನೇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಜ್. ಪೆಡಲಿನ ಗೇನ್ ಇಳಿಸಿ ಆ ಸ್ವರ ನುಡಿಸಿ, ಗುಂಯ್‌ಗೆ ಹೋಲಿಸಿ. ಅದಕ್ಕೆ ಕೂದಲೆಳೆಯಷ್ಟು ಮೇಲೆ ಕೇಳಿಸಿದರೆ ಅಡಾಪ್ಟರ್ ಮೇಲೆ ಅನುಮಾನಪಡಿ. ಅದಕ್ಕಿಂತ ಒಂದು ಸಪ್ತಕ ಕೆಳಗೆ ಗುನುಗುತ್ತಿದ್ದರೆ 50ರ ಹಮ್. ತಂಬೂರಿ ಶ್ರುತಿ ಮಾಡುವವರ ಊರಲ್ಲಿ ಇದ್ದೀರಿ, ಕಿವಿ ನಂಬಿ. ಯೂಟ್ಯೂಬ್‌ನಲ್ಲಿ ಅಮೆರಿಕದವರು 60, 120 ಅನ್ನುತ್ತಾರೆ. ಅದು ಅವರ ಕರೆಂಟಿನ ಲೆಕ್ಕ, ನಮಗಲ್ಲ.

ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ ಅಂದಿರಲ್ಲ, ಅದು ಒಳ್ಳೆಯ ಸುದ್ದಿ. ಬ್ರಿಜ್‌ನಿಂದ ಜ್ಯಾಕ್‌ವರೆಗಿನ ಗ್ರೌಂಡ್ ವೈರ್ ಸರಿ ಇದೆ. ನಿಮ್ಮ ಮೈಯೇ ರೂಮಿನ ವೈರಿಂಗ್‌ನಿಂದ ಗದ್ದಲ ಹಿಡಿದು ಪಿಕಪ್ಪಿಗೆ ದಾಟಿಸುತ್ತಿರುತ್ತದೆ, ತಂತಿ ಮುಟ್ಟಿದಾಗ ಅದು ಗ್ರೌಂಡಿಗೆ ಹೋಗುತ್ತದೆ. ಮುಟ್ಟಿದಾಗ ಜಾಸ್ತಿಯಾಗುತ್ತಿದ್ದರೆ ಜ್ಯಾಕ್‌ನಲ್ಲಿ ವೈರ್ ಅದಲುಬದಲಾಗಿದೆಯಾ ಅಂತ ನೋಡಬೇಕಿತ್ತು.

ಈಗ ಸಂಜೆಯ ವಿಷಯ. ನವನಗರದ ಒಂದು ಮನೆಯಲ್ಲಿ ಇದೇ ದೂರು. ಹುಡುಗ ಹೊಸ ಕೇಬಲ್ ತಂದು ಹಾಕಿದ್ದ, ಏನೂ ಬದಲಾಗಿರಲಿಲ್ಲ. ಕೇಳಿದರೆ ಗುಂಯ್ ಜೊತೆಗೆ ಹರಿತವಾದ ಒಂದು ಜರ್ರ್ ಇತ್ತು. ಮೇಲೆ ಫ್ಯಾನು ಎರಡರಲ್ಲಿ ತಿರುಗುತ್ತಿತ್ತು. ಪೆಡಲ್ ಆನ್ ಇಟ್ಟೇ ರೆಗ್ಯುಲೇಟರ್ ತಿರುಗಿಸುತ್ತ ಹೋದೆ. ಮೂರಕ್ಕೆ ಜರ್ರ್ ತೆಳುವಾಯಿತು, ನಾಲ್ಕಕ್ಕೆ ಇನ್ನೂ ತೆಳು, ಐದಕ್ಕೆ ಬಂದಾಗ ಕಿವಿಗೊಟ್ಟು ಹುಡುಕಬೇಕಾಯಿತು. ಸ್ವಿಚ್ ಆರಿಸಿದೆ, ಪೂರ್ತಿ ಮಾಯ. ಆ ಹುಡುಗನ ತಾಯಿ ಬಾಗಿಲಲ್ಲಿ ನಿಂತು "ಫ್ಯಾನಿಗೂ ಗಿಟಾರಿಗೂ ಏನ್ ಸಂಬಂಧರೀ?" ಅಂದರು. ಸಂಬಂಧ ಇದೆ. ನುಣುಪಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಒಳಗೆ ಟ್ರಯಾಕ್ ಇರುತ್ತದೆ. ಅದು ಕರೆಂಟಿನ ಅಲೆಯನ್ನು ಸೆಕೆಂಡಿಗೆ ನೂರು ಸಲ ಚಕ್ ಅಂತ ಕತ್ತರಿಸಿ ವೇಗ ಇಳಿಸುತ್ತದೆ. ಆ ಕತ್ತರಿಸಿದ ಅಂಚು ಗೋಡೆಯ ವೈರುಗಳ ಉದ್ದಕ್ಕೂ ಹರಡುತ್ತದೆ, ಸ್ಟ್ರಾಟ್ ಥರದ ಗಿಟಾರಿನಲ್ಲಿರುವ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪು ಅದನ್ನು ಹಿಡಿಯುತ್ತದೆ. ಫುಲ್ ಸ್ಪೀಡಿನಲ್ಲಿ ಕತ್ತರಿಸುವ ಕೆಲಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಟಕ್ ಟಕ್ ಅಂತ ಹೆಜ್ಜೆ ಹೆಜ್ಜೆಗೆ ತಿರುಗುವ ಕೆಪ್ಯಾಸಿಟರ್ ರೆಗ್ಯುಲೇಟರ್ ಹಾಕಿದರೆ ಈ ಜರ್ರ್ ಬರುವುದಿಲ್ಲ. ಬೆಲೆಯೂ ನಾಯ್ಸ್ ಗೇಟಿನ ಹತ್ತಿರಕ್ಕೂ ಬರುವುದಿಲ್ಲ. ನಿಮ್ಮ ರೂಮಿನಲ್ಲಿ ಸಂಜೆ ಹಚ್ಚುವ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬು, ಫ್ಯಾನು ಒಂದೊಂದನ್ನೇ ಆರಿಸಿ ನೋಡಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಇದ್ದಾಗ ಗದ್ದಲ ಕೆಟ್ಟದಾಗಿ ಏರಿದರೆ ಆ ಯುಪಿಎಸ್ ಸ್ಕ್ವೇರ್ ವೇವ್‌ನದ್ದು ಇರಬಹುದು, ಅದಕ್ಕೆ ನೀವು ಮಾಡುವುದು ಏನೂ ಇಲ್ಲ.

ಸಿಂಗಲ್ ಕಾಯಿಲ್ ಅಂದರೆ ಸ್ವಲ್ಪ ಹಮ್ ಇದ್ದದ್ದೇ. ಹಮ್‌ಬಕರ್ ಹುಟ್ಟಿದ್ದೇ ಇದಕ್ಕಾಗಿ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ, ಅವುಗಳ ಅಯಸ್ಕಾಂತದ ಧ್ರುವವನ್ನೂ ಉಲ್ಟಾ ಇಟ್ಟಾಗ ಹಮ್ ಪರಸ್ಪರ ಕಳೆದುಹೋಗುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ನಿಮ್ಮ ಗಿಟಾರಿನಲ್ಲಿ ನಡುವಿನ ಪಿಕಪ್ಪು ಉಲ್ಟಾ ಸುತ್ತಿದ್ದಾಗಿದ್ದರೆ ಸ್ವಿಚ್‌ನ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಹೀಗೇ ಆಗಬೇಕು, ಹಾಕಿ ಕೇಳಿ. ಆಂಪಿಗೆ ಅಂಟಿಕೊಂಡು ಕೂರಬೇಡಿ, ಅದರ ಟ್ರಾನ್ಸ್‌ಫಾರ್ಮರ್ ಪಿಕಪ್ಪಿಗೆ ನೇರವಾಗಿ ಹಮ್ ಕೊಡುತ್ತದೆ. ಕೂತಲ್ಲೇ ಗಿಟಾರ್ ಹಿಡಿದು ನಿಧಾನಕ್ಕೆ ತಿರುಗಿ, ಒಂದು ಕೋನದಲ್ಲಿ ಹಮ್ ಚೆನ್ನಾಗಿ ಇಳಿಯುತ್ತದೆ. ಗಿಟಾರಿನ ಒಳಗೆ ತಾಮ್ರದ ಟೇಪ್ ಅಂಟಿಸಿ ಅಂತ ಎಲ್ಲರೂ ಹೇಳುತ್ತಾರೆ. ಜರ್ರ್‌ಗೆ ಅದು ಛಲೋ ಔಷಧ, 50ರ ಗುಂಯ್‌ಗೆ ಅಷ್ಟೇನೂ ಅಲ್ಲ.

ವಾಲ್ಯೂಮ್ ಸೊನ್ನೆಯಲ್ಲೂ ಸದ್ದು ಉಳಿದರೆ ಒಂದು 9 ವೋಲ್ಟಿನ ಬ್ಯಾಟರಿ ತನ್ನಿ. ಅಡಾಪ್ಟರ್ ಪೂರ್ತಿ ತೆಗೆದು, ಒಂದೇ ಪೆಡಲಿಗೆ ಬ್ಯಾಟರಿ ಹಾಕಿ, ಗಿಟಾರ್, ಪೆಡಲ್, ಆಂಪ್ ಇಷ್ಟೇ ಜೋಡಿಸಿ. ಸದ್ದು ಹೋಯಿತಾ? ಅಡಾಪ್ಟರೇ ಕಾರಣ. ಪೇಟೆಯಲ್ಲಿ ರೇಡಿಯೋಗೆಂದು ಮಾರುವ ಅಡಾಪ್ಟರ್ ಪೆಡಲಿಗೆ ಹಾಕಬೇಡಿ. ಮೇಲೆ 9 ಎಂದು ಬರೆದಿದ್ದರೂ ಪೆಡಲಿನಂಥ ಹಗುರ ಲೋಡಿಗೆ 12, 13 ವೋಲ್ಟ್ ಬಿಡುತ್ತವೆ, ಮೇಲೆ 100ರ ಹಮ್ ಬೇರೆ. ರೆಗ್ಯುಲೇಟೆಡ್ ಅಂತ ಇರುವುದನ್ನೇ ಕೇಳಿ ತಗೊಳ್ಳಿ. ಹೆಚ್ಚಿನ ಪೆಡಲ್‌ಗಳಿಗೆ ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್ ಬೇಕು, ಅದನ್ನೂ ನೋಡಿ. ಮುಂದೆ ಡಿಲೇ ಥರದ ಡಿಜಿಟಲ್ ಪೆಡಲ್ ಸೇರಿಸಿದರೆ ಅದೇ ಅಡಾಪ್ಟರ್‌ನಿಂದ ಕೊಡಬೇಡಿ, ಸಣ್ಣಗೆ ಕೀ ಅನ್ನುವ ಸದ್ದು ಡಿಸ್ಟಾರ್ಷನ್‌ಗೆ ನುಗ್ಗುತ್ತದೆ. ಪ್ರತಿ ಪೆಡಲಿಗೂ ಬೇರೆ ಬೇರೆಯಾಗಿ ಕೊಡುವ ಐಸೊಲೇಟೆಡ್ ಸಪ್ಲೈ ದುಬಾರಿ, ಆದರೆ ಗೇಟ್‌ಗೆ ಹಾಕುವ ದುಡ್ಡನ್ನು ಅದಕ್ಕೆ ಹಾಕಿ ಅಂತಲೇ ನಾನು ಹೇಳುತ್ತೇನೆ.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಹಮ್ ನಿಂತರೆ ಅದು ಗ್ರೌಂಡ್ ಲೂಪ್. ಆಂಪಿಗೂ ಚಾರ್ಜರಿಗೂ ಬೇರೆ ಬೇರೆ ಅರ್ಥಿಂಗ್ ದಾರಿ ಇದ್ದು, ನಡುವೆ ಆಡಿಯೋ ಕೇಬಲ್ ಸೇರಿದಾಗ ಒಂದು ಸುತ್ತು ಪೂರ್ತಿಯಾಗುತ್ತದೆ, ಅದರಲ್ಲಿ ಹರಿಯುವ ಸಣ್ಣ ಕರೆಂಟೇ ಹಮ್. ಗಣಪತಿ ಹಬ್ಬದ ಪೆಂಡಾಲುಗಳಲ್ಲಿ ಇದು ಸಾಮಾನ್ಯ. ಆಂಪ್ ಒಂದು ಬೋರ್ಡಿನಿಂದ, ಮಿಕ್ಸರ್ ಅಷ್ಟು ದೂರದ ಇನ್ನೊಂದು ಬೋರ್ಡಿನಿಂದ. ನಿಮ್ಮ ರೂಮಿನಲ್ಲಿ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಸಾಕಾಗಬಹುದು. ಸಾಲದಿದ್ದರೆ ಆಡಿಯೋ ಕೇಬಲಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಆದರೆ ಹಮ್ ನಿಲ್ಲಲಿ ಅಂತ ಆಂಪಿನ ಮೂರನೇ ಪಿನ್ನು ಮುರಿಯಬೇಡಿ, ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಲೂಬೇಡಿ. ದಯವಿಟ್ಟು. ಆಂಪಿನೊಳಗೆ ಏನಾದರೂ ಕೆಟ್ಟು ಫೇಸ್ ಬಾಡಿಗೆ ತಾಗಿದರೆ ಆ 230 ವೋಲ್ಟ್ ಕೇಬಲಿನ ಮೂಲಕ ನೇರ ನಿಮ್ಮ ತಂತಿಗೆ ಬರುತ್ತದೆ, ನಿಮ್ಮ ಬೆರಳು ಅಲ್ಲೇ ಇರುತ್ತದೆ. ಈಗಲೇ ತಂತಿ ಮುಟ್ಟಿದಾಗ ಜುಂ ಅನ್ನುತ್ತಿದ್ದರೆ ನುಡಿಸುವುದು ನಿಲ್ಲಿಸಿ ವೈರ್‌ಮನ್ ಕರೆಸಿ. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತವೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಅವರು ಮಲ್ಟಿಮೀಟರ್ ಹಿಡಿದರೆ ಫೇಸ್‌ಗೂ ಅರ್ಥ್‌ಗೂ 230ರ ಆಸುಪಾಸು ಬರಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ ಕೆಲವೇ ವೋಲ್ಟ್ ಇರಬೇಕು. ಅರ್ಥಿಂಗ್ ಗುಂಡಿ ಎರೆ ಮಣ್ಣಿನಲ್ಲಿದ್ದರೆ ಬೇಸಿಗೆಯಲ್ಲಿ ಮಣ್ಣು ಬಿರಿದು ರಾಡಿನಿಂದ ದೂರ ಸರಿಯುತ್ತದೆ, ಗುಂಡಿಗೆ ಆಗಾಗ ನೀರು ಹಾಕಿಸಿ ಅಂತ ಮನೆ ಮಾಲೀಕರಿಗೆ ಹೇಳಿ. ಇದು ಬರೀ ಗಿಟಾರಿನ ಮಾತಲ್ಲ, ಮನೆಯವರೆಲ್ಲರ ಜೀವದ ಮಾತು.

ಬ್ಯಾಟರಿಯಲ್ಲೂ, ಒಂದೇ ಪೆಡಲ್ ಇದ್ದಾಗಲೂ, ಬೇರೆ ಕೇಬಲ್ ಹಾಕಿದರೂ ಗುಂಯ್ ಅಂದರೆ ಆಗ ಪೆಡಲ್ ಬಿಚ್ಚಿ. ಜ್ಯಾಕ್‌ಗಳ ನಟ್ಟು ಸಡಿಲವಾಗಿದ್ದರೆ ಲೋಹದ ಡಬ್ಬಿಗೆ ಗ್ರೌಂಡ್ ತಪ್ಪಿರುತ್ತದೆ, ಬಿಗಿ ಮಾಡಿ. ಜ್ಯಾಕ್‌ಗಳ ಬೆಸುಗೆಯಲ್ಲಿ ಕೂದಲಿನಂಥ ಬಿರುಕು ಇದೆಯಾ ಬೆಳಕಿಗೆ ಹಿಡಿದು ನೋಡಿ. ಅಡಾಪ್ಟರ್‌ನಲ್ಲಿ ಮಾತ್ರ ಹಮ್ ಬಂದು, ಅದೇ ಅಡಾಪ್ಟರ್ ಇನ್ನೊಂದು ಪೆಡಲಿಗೆ ಸರಿಯಾಗಿ ನಡೆದರೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗಿರಬಹುದು. 9 ವೋಲ್ಟ್ ಲೈನಿಗೆ ಅಡ್ಡ ಒಂದು ಇರುತ್ತದೆ. ಎರಡು ಸಮನಾದ ರೆಸಿಸ್ಟರ್ ಸೇರಿ 4.5 ವೋಲ್ಟ್ ಮಾಡುವ ಜಾಗದಲ್ಲಿ ಇನ್ನೊಂದು. ಈ ಎರಡನೆಯದು ಹೋದರೆ ಹಮ್ ಆಪ್-ಆಂಪಿನ (ಸಿಗ್ನಲ್ ಏರಿಸುವ ಚಿಪ್ಪಿನ) ಬಾಯಿಗೇ ಬೀಳುತ್ತದೆ. ಎರಡನ್ನೂ ಬದಲಿಸಿ, ಪ್ಲಸ್ ಮೈನಸ್ ನೋಡಿ ಹಾಕಿ. ಕೈಹಾಕುವ ಉಮೇದಿ ಇದ್ದರೆ 9 ವೋಲ್ಟ್ ಒಳಬರುವಲ್ಲಿ ಸಾಲಾಗಿ 100 ಓಮ್ ರೆಸಿಸ್ಟರ್, ಅದರ ಆಚೆ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಹಾಕಿ. 100 ಹರ್ಟ್ಜ್‌ನ ಹಮ್ ಆರನೇ ಒಂದು ಪಾಲಿಗೆ ಇಳಿಯುತ್ತದೆ.

ಕೊನೆಗೆ ಗೇಟ್. ಅದು ನೀವು ನುಡಿಸದೆ ಇರುವಾಗ ಬಾಗಿಲು ಹಾಕುತ್ತದೆ. ನುಡಿಸಲು ಶುರು ಮಾಡಿದ ಕೂಡಲೇ ಬಾಗಿಲು ತೆರೆದು ಸ್ವರದ ಜೊತೆ ಹಮ್ಮನ್ನೂ ಬಿಡುತ್ತದೆ. ಈಗಿನಷ್ಟು ಗದ್ದಲ ಇರುವಾಗ ಹಾಕಿದರೆ ಎಳೆದು ನಿಲ್ಲಿಸಿದ ಸ್ವರದ ಬಾಲವನ್ನೇ ಕತ್ತರಿಸುತ್ತದೆ, ನನಗೆ ಅದು ಸಹಿಸಲು ಆಗುವುದಿಲ್ಲ. ಮೇಲಿನದೆಲ್ಲ ಮಾಡಿದ ಮೇಲೂ ಉಳಿದ ಚೂರು ಸದ್ದಿಗೆ ಬೇಕಾದರೆ ತಗೊಳ್ಳಿ. ಸದ್ಯಕ್ಕೆ ವಾಲ್ಯೂಮ್ ಸೊನ್ನೆ, ಬ್ಯಾಟರಿ, ಲ್ಯಾಪ್‌ಟಾಪ್ ಚಾರ್ಜರ್, ಫ್ಯಾನು, ಈ ನಾಲ್ಕರಲ್ಲಿ ಯಾವುದಕ್ಕೆ ಸದ್ದು ಬದಲಾಯಿತು ಅಂತ ಇಲ್ಲೇ ಬರೆಯಿರಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಮಿಲಿಆಂಪ್ ಸಂಖ್ಯೆಗಳನ್ನೂ ಹಾಕಿ, ನೋಡಿ ಹೇಳುತ್ತೇನೆ.